ಗಾಯದ ಶೃಂಗಾರ: ಅಲ್ಪವೆಚ್ಚದ ಸಮರಕಲಾ ಚಿತ್ರಗಳಲ್ಲಿ ಸಲಿಂಗ ಪ್ರೇಮದ ಧ್ವನಿ

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸಂಸ್ಥೆ 1971ರಲ್ಲಿ ತೆರೆಗೆ ತಂದ ‘ದಿ ನ್ಯೂ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್’ ಚಿತ್ರದ ನಾಯಕ ಲೇ ಲಿ, ಪಣದಲ್ಲಿ ಸೋತು ತನ್ನ ಬಲಗೈಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಖಡ್ಗವನ್ನು ತೊರೆದು ಊಟದ ಮನೆಯೊಂದರಲ್ಲಿ ಆಳಾಗಿ ಬದುಕುತ್ತಾನೆ. ಕಂಡವರಿಂದೆಲ್ಲ ಅವಮಾನಿತನಾದರೂ ಕೈಯೆತ್ತುವುದಿಲ್ಲ. ಕಮ್ಮಾರನ ಮಗಳು ಬಾ ಜಿಯಾವೊ ಅವನನ್ನು ಪ್ರೀತಿಸುತ್ತಾಳೆ, ಆದರೆ ಆ ಪ್ರೀತಿಯೂ ಅವನನ್ನು ಹಳೆಯ ಬದುಕಿಗೆ ಮರಳಿಸುವುದಿಲ್ಲ. ಮರಳಿಸುವುದು ಫೆಂಗ್ ಎಂಬ ಗೆಳೆಯನ ಸಾವು. ಲೇ ಲಿಯನ್ನು ವಂಚಿಸಿದ ಶತ್ರುವೇ ಫೆಂಗನನ್ನು ನಡುವಿಗೆ ಕಡಿದು ಎರಡು ತುಂಡಾಗಿಸಿದ ಮೇಲೆ, ಒಂಟಿಕೈಯ ನಾಯಕ ಸೇತುವೆಯ ಮೇಲೆ ಒಬ್ಬನೇ ನಿಂತು ಒಂದು ಪಡೆಯನ್ನೇ ನೆಲಕ್ಕುರುಳಿಸುತ್ತಾನೆ. ಕಥೆಯ ಮೇಲ್ಪದರದಲ್ಲಿ ಇದು ಮಿತ್ರಧರ್ಮದ, ಪ್ರತೀಕಾರದ ಕಥೆ. ಆದರೆ ಡೇವಿಡ್ ಚಿಯಾಂಗ್ ಮತ್ತು ಟಿ ಲುಂಗ್ ಪರಸ್ಪರ ನೋಡುವ ನೋಟಗಳು, ಆ ನೋಟಗಳ ಮೇಲೆ ಕ್ಯಾಮೆರಾ ನಿಲ್ಲುವ ಅವಧಿ, ಹೆಣ್ಣಿನ ಪಾತ್ರಕ್ಕೆ ದೊರೆಯದ ಭಾವತೀವ್ರತೆ ಗೆಳೆಯನ ಪಾತ್ರಕ್ಕೆ ದೊರೆಯುವ ರೀತಿ, ಇವೆಲ್ಲ ಬೇರೊಂದು ಅರ್ಥವನ್ನೂ ಹೊಮ್ಮಿಸುತ್ತವೆ. ಆ ಅರ್ಥದ ಸ್ವರೂಪವೇನು, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ಈ ಬಗೆಯ ಚಿತ್ರಗಳ ಬಗ್ಗೆ ರೂಢಿಯಲ್ಲಿರುವ ಪ್ರತಿಕ್ರಿಯೆಗಳು ಮುಖ್ಯವಾಗಿ ಎರಡು. ಗಂಡಸರ ನಡುವಿನ ಶುದ್ಧ ಸ್ನೇಹಕ್ಕೆ ಇಲ್ಲದ ಅರ್ಥ ಕಟ್ಟಬಾರದು ಎಂಬ ನಿರಾಕರಣೆ ಒಂದು. ಬೆವರು ಸುರಿಸುವ ಬರಿಮೈಗಳನ್ನು ತೋರಿಸಿ ನಗುವ, ನಗಿಸುವ ಪರಿಹಾಸ್ಯ ಇನ್ನೊಂದು. ಮೇಲುನೋಟಕ್ಕೆ ವಿರುದ್ಧವೆನಿಸುವ ಇವೆರಡೂ ಒಂದೇ ಗ್ರಹಿಕೆಯ ಮೇಲೆ ನಿಂತಿವೆ. ಗಂಡು ಗಂಡನ್ನು ಬಯಸುವುದೆಂದರೆ ಒಂದೋ ಕಳಂಕ, ಇಲ್ಲವೇ ಹಾಸ್ಯದ ವಸ್ತು ಎಂಬುದೇ ಆ ಗ್ರಹಿಕೆ. ಎರಡೂ ಕಡೆಯವರು ಚಿತ್ರವನ್ನು ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಾರೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇಂತಹ ಅರ್ಥವನ್ನು ಚರ್ಚಿಸಲು ಸಮರ್ಥವಾದ ಪರಿಭಾಷೆ ಈಗಾಗಲೇ ಇದೆ. ಆನಂದವರ್ಧನ ಹೇಳುವ ವ್ಯಂಗ್ಯಾರ್ಥವು ಕವಿ ಬಚ್ಚಿಟ್ಟ ಗುಟ್ಟಲ್ಲ. ಅದು ವಾಚ್ಯಾರ್ಥದ ರಚನೆಯಿಂದಲೇ ಸಹೃದಯನಲ್ಲಿ ಸ್ಫುರಿಸುವಂಥದು. ಆದ್ದರಿಂದ ನಿರ್ದೇಶಕ ಅದನ್ನು ಉದ್ದೇಶಿಸಿದ್ದನೇ ಎಂಬ ವಿಚಾರಣೆಗಿಂತ, ಅದನ್ನು ಹೊಮ್ಮಿಸುವ ರಚನೆ ಯಾವುದು ಎಂಬ ಪರಿಶೀಲನೆ ಹೆಚ್ಚು ಫಲಕಾರಿ.

ಮೊದಲು ಚಾರಿತ್ರಿಕ ಹಿನ್ನೆಲೆ. 1960ರ ದಶಕದ ಮೊದಲರ್ಧದಲ್ಲಿ ಹಾಂಗ್‌ಕಾಂಗಿನ ಮ್ಯಾಂಡರಿನ್ ಚಿತ್ರರಂಗ ನಟಿಯರ ಪ್ರಾಬಲ್ಯದ ರಂಗವಾಗಿತ್ತು. ಹ್ವಾಂಗ್‌ಮೇ ಶೈಲಿಯ ಗೀತನಾಟಕ ಚಿತ್ರಗಳು ಜನಪ್ರಿಯವಾಗಿದ್ದವು. 1963ರ ‘ದಿ ಲವ್ ಇಟರ್ನ್’ ಚಿತ್ರದಲ್ಲಿ ಗಂಡುವೇಷದಲ್ಲಿ ಓದಲು ಹೋಗುವ ಹುಡುಗಿಯೊಬ್ಬಳು ಸಹಪಾಠಿಯನ್ನು ಪ್ರೀತಿಸುತ್ತಾಳೆ. ಆ ಸಹಪಾಠಿಯ ಪಾತ್ರವನ್ನು ನಿರ್ವಹಿಸಿದವಳೂ ಒಬ್ಬ ನಟಿ, ಐವಿ ಲಿಂಗ್ ಪೋ. ಗಂಡಾಗಿ ನಟಿಸುವ ಹೆಣ್ಣನ್ನು, ಗಂಡಿನ ವೇಷದಲ್ಲಿರುವ ಹೆಣ್ಣು ‘ಅಣ್ಣ’ ಎಂದು ಕರೆದು ಪ್ರೀತಿಸುವ ಈ ಚಿತ್ರವನ್ನು ಪ್ರೇಕ್ಷಕರು ಯಾವ ಸಂಕೋಚವೂ ಇಲ್ಲದೆ ಕಣ್ಣೀರಿಟ್ಟು ನೋಡಿದರು. ಇಂತಹ ಸಿನಿಮಾಗಳಿಗೆ ಪ್ರತಿಯಾಗಿ ‘ಯಾಂಗ್‌ಗಾಂಗ್’, ಅಂದರೆ ಗಡಸು ಪೌರುಷದ ಚಿತ್ರಗಳು ಬೇಕೆಂದು ವಾದಿಸಿದವನು ನಿರ್ದೇಶಕ ಚಾಂಗ್ ಚೆ. ಅವನ ‘ದಿ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್’ (1967) ಹಾಂಗ್‌ಕಾಂಗಿನಲ್ಲಿ ಹತ್ತು ಲಕ್ಷ ಡಾಲರ್ ಗಳಿಕೆಯನ್ನು ದಾಟಿದ ಮೊದಲ ಸ್ಥಳೀಯ ಚಿತ್ರವೆಂದು ಹೆಸರಾಯಿತು. ಮರುವರ್ಷದ ‘ಗೋಲ್ಡನ್ ಸ್ವಾಲೋ’ ಇನ್ನೂ ಕುತೂಹಲಕರ. ಕಿಂಗ್ ಹೂ ನಿರ್ದೇಶನದ ‘ಕಮ್ ಡ್ರಿಂಕ್ ವಿತ್ ಮಿ’ (1966) ಚಿತ್ರದ ಖಡ್ಗಧಾರಿ ನಾಯಕಿಯನ್ನೇ ಚಾಂಗ್ ಎರವಲು ಪಡೆದ. ಶೀರ್ಷಿಕೆಯಲ್ಲೂ ಅವಳ ಹೆಸರನ್ನೇ ಇಟ್ಟ. ಆದರೆ ಚಿತ್ರವನ್ನು ಮಾತ್ರ ಬಿಳಿಯುಡುಪಿನಲ್ಲಿ ರಕ್ತ ತೋಯ್ದು ಸಾಯುವ ಜಿಮ್ಮಿ ವಾಂಗ್ ಯು ಕೈಗೆ ಒಪ್ಪಿಸಿದ. ಹೆಣ್ಣು ಹೆಸರಿಗೆ ಉಳಿದು ತೆರೆಯಿಂದ ಹಿಂದೆ ಸರಿಯಿತು. ನೋಡುವ ಕಣ್ಣಿಗೆ ಸೌಂದರ್ಯ ಬೇಕೇ ಬೇಕು. ನಟಿಯರಿಗೆ ಮೀಸಲಾಗಿದ್ದ ಸಮೀಪಚಿತ್ರಗಳು, ಶುಭ್ರವಸ್ತ್ರ, ನಿಧಾನಗತಿಯ ಮರಣ ಎಲ್ಲವೂ ಗಂಡಿನ ದೇಹಕ್ಕೆ ವರ್ಗಾವಣೆಯಾದವು. ಪೌರುಷದ ಘೋಷಣೆಯೇ ಗಂಡಿನ ದೇಹವನ್ನು ನೋಟದ ವಸ್ತುವಾಗಿಸಿದ್ದು ಈ ಚರಿತ್ರೆಯ ವಿಡಂಬನೆ.

ಕಾನೂನಿನ ಸಂಗತಿಯೊಂದನ್ನು ಇಲ್ಲಿ ಮರೆಯಲಾಗದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಯಸ್ಕ ಪುರುಷರ ಖಾಸಗಿ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆದದ್ದು 1967ರಲ್ಲಿ, ಒಂಟಿಕೈಯ ಖಡ್ಗವೀರನ ಮೊದಲ ಚಿತ್ರ ಬಂದ ವರ್ಷದಲ್ಲೇ. ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗಿಗೆ ಆ ಬದಲಾವಣೆ ಬಂದದ್ದು 1991ರಲ್ಲಿ. ಅಂದರೆ ಚಾಂಗ್ ಚೆ ಶಾ ಸಂಸ್ಥೆಗಾಗಿ ನಿರ್ದೇಶಿಸಿದ ಚಿತ್ರಗಳಲ್ಲಿ ಹೆಚ್ಚಿನವು ಈ ಪ್ರೇಮ ದಂಡನಾರ್ಹವಾಗಿದ್ದ ಊರಿನಲ್ಲಿ ತಯಾರಾದವು. ಅಭಿಧೆಗೆ ಅವಕಾಶವಿಲ್ಲದ ಕಡೆ ಹೇಳಬೇಕಾದದ್ದು ವ್ಯಂಜನೆಯ ದಾರಿ ಹಿಡಿಯುವುದು ಸಹಜ. ಆ ಪ್ರೇಕ್ಷಾಗೃಹಗಳ ಕತ್ತಲಲ್ಲಿ ಕುಳಿತ ಕೆಲವರಿಗಾದರೂ ತಮ್ಮ ಭಾವವನ್ನು ಹೋಲುವ ಚಿತ್ರ ದೊರೆತದ್ದು ಇಂತಹ ಧ್ವನಿಯಲ್ಲಿ ಮಾತ್ರ ಎಂದು ಊಹಿಸುವುದು ಅತಿಯಾಗದು.

ಸ್ನೇಹಕ್ಕೂ ರತಿಗೂ ನಡುವೆ ಗೆರೆ ಎಲ್ಲಿದೆ? ಈ ಪ್ರಶ್ನೆಗೆ ಅಭಿನವಗುಪ್ತ ತೋರಿಸಿದ ದಾರಿ ಅಚ್ಚರಿ ಹುಟ್ಟಿಸುವಂಥದು. ರುದ್ರಟ ಸ್ನೇಹವನ್ನು ಸ್ಥಾಯಿಯಾಗುಳ್ಳ ‘ಪ್ರೇಯಸ್’ ಎಂಬ ರಸವನ್ನು ಎಣಿಸಿದ್ದ. ಅಭಿನವಗುಪ್ತ ಅದನ್ನು ಪ್ರತ್ಯೇಕ ರಸವೆಂದು ಒಪ್ಪುವುದಿಲ್ಲ. ಸ್ನೇಹವೆಲ್ಲವೂ ಬೇರೆ ಸ್ಥಾಯಿಗಳಲ್ಲೇ ಪರ್ಯವಸಾನವಾಗುತ್ತದೆ ಎನ್ನುತ್ತಾನೆ. ತರುಣರ ಮಿತ್ರಸ್ನೇಹ ರತಿಯಲ್ಲಿ ನೆಲೆಗೊಳ್ಳುತ್ತದೆ, ಲಕ್ಷ್ಮಣನಂಥವರ ಭ್ರಾತೃಸ್ನೇಹ ಧರ್ಮವೀರದಲ್ಲಿ ನೆಲೆಗೊಳ್ಳುತ್ತದೆ ಎಂಬುದು ಅವನ ವಿಂಗಡಣೆ. ಇಲ್ಲಿಯ ‘ರತಿ’ಯನ್ನು ಕೇವಲ ಕಾಮವೆಂದು ಓದುವುದು ತಪ್ಪು, ಆಚಾರ್ಯನ ಬಾಯಲ್ಲಿ ಆಧುನಿಕ ಸಲಿಂಗ ಪ್ರೇಮದ ಸಮರ್ಥನೆಯನ್ನು ತುರುಕುವುದು ಇನ್ನೂ ದೊಡ್ಡ ತಪ್ಪು. ಆದರೂ ಗೆಳೆಯನಿಗೊಂದು, ಸೋದರನಿಗೊಂದು ಎಂದು ಅವನು ಗುರುತಿಸಿದ ಎರಡು ನೆಲೆಗಳು ಚಾಂಗ್ ಚೆಯ ಚಿತ್ರಗಳ ಒಳರಚನೆಯನ್ನು ಬೆಳಗುತ್ತವೆ. ಈ ಚಿತ್ರಗಳಲ್ಲಿ ಅಪರಿಚಿತರಾಗಿ ಎದುರಾಗುವ ಇಬ್ಬರು ತರುಣರು ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಕೂಡಲೇ ಆ ಮೆಚ್ಚುಗೆಗೆ ಸೋದರತ್ವದ ಹೆಸರು ಬೀಳುತ್ತದೆ. ರತಿಯ ನೆಲೆಯಲ್ಲಿ ಮೊಳೆತ ಸ್ನೇಹವನ್ನು ಶಪಥದ ಮೂಲಕ ಧರ್ಮವೀರದ ನೆಲೆಗೆ ಸಾಗಿಸುವುದೇ ಪ್ರಮಾಣವಚನದ ಕೆಲಸ. ‘ಯಿ’ ಎಂಬ ಚೀನೀ ಪರಿಕಲ್ಪನೆ ಇಂತಹ ಋಣಬದ್ಧ ನಿಷ್ಠೆಯನ್ನು ಸೂಚಿಸುತ್ತದೆ. ಜೋಳವಾಳಿ, ಲೆಂಕವಾಳಿಗಳನ್ನು ಬಲ್ಲ ಕನ್ನಡ ಓದುಗರಿಗೆ ಇದು ತೀರ ಅಪರಿಚಿತವಲ್ಲ. ಸಾಗಣೆಯಲ್ಲಿ ಎಲ್ಲವೂ ಹೋಗುವುದಿಲ್ಲ. ಒಂದಿಷ್ಟು ಹಿಂದೆ ಉಳಿಯುತ್ತದೆ. ಆ ಶೇಷವೇ ಧ್ವನಿ.

ಆ ಶೇಷ ಹೊರಬರುವ ಜಾಗ ಗಾಯ. 1967ರ ಚಿತ್ರದಲ್ಲಿ ಫಾಂಗ್ ಗಾಂಗನ ಬಲಗೈಯನ್ನು ಕತ್ತರಿಸುವವಳು ಗುರುವಿನ ಮಗಳು. ಅವನು ತನ್ನತ್ತ ನೋಡಲಿಲ್ಲವೆಂಬ ಸಿಟ್ಟು ಅದರ ಹಿಂದಿದೆ. ಅವನನ್ನು ಬದುಕಿಸುವವಳೂ ಹೆಣ್ಣೇ, ಕೊನೆಗೆ ಅವನು ಬೇಸಾಯದ ಬದುಕಿಗೆ ಹೊರಡುವುದೂ ಅವಳೊಂದಿಗೇ. ನಾಲ್ಕು ವರ್ಷಗಳ ನಂತರದ ಚಿತ್ರದಲ್ಲಿ ಕೈ ಕತ್ತರಿಸಿಕೊಳ್ಳುವುದು ಗಂಡಸರ ನಡುವಿನ ಪಣಕ್ಕಾಗಿ, ಅದರ ಪ್ರತೀಕಾರ ನಡೆಯುವುದು ಗಂಡಿನ ಸಾವಿಗಾಗಿ. ಅದೇ ವಸ್ತು, ಅದೇ ನಿರ್ದೇಶಕ. ಆದರೆ ಗಾಯದ ಅರ್ಥವಲಯದಿಂದ ಹೆಣ್ಣು ಬಹುಮಟ್ಟಿಗೆ ಹೊರಗಾಗಿದ್ದಾಳೆ. ಕಡಿದ ಕೈ ಎಂದೊಡನೆ ಮಹಾಭಾರತದ ಭೂರಿಶ್ರವನ ನೆನಪಾಗದಿರದು. ರಣಭೂಮಿಯಲ್ಲಿ ಬಿದ್ದ ಅವನ ತೋಳನ್ನು ಕಂಡ ಹೆಂಡತಿಯರು, ಅದೇ ಕೈ ತಮ್ಮನ್ನು ಸ್ಪರ್ಶಿಸಿದ ಬಗೆಯನ್ನು ನೆನೆದು ಗೋಳಿಡುವ ಸಂದರ್ಭವನ್ನು ಆಲಂಕಾರಿಕರು ಮತ್ತೆ ಮತ್ತೆ ಚರ್ಚಿಸಿದ್ದಾರೆ. ಅಲ್ಲಿ ಶೃಂಗಾರ ಕರುಣಕ್ಕೆ ಅಂಗವಾಗಿ ಬರುತ್ತದೆ, ಬಂದು ಅದನ್ನು ತೀವ್ರಗೊಳಿಸುತ್ತದೆ. ವೀರ ಮತ್ತು ಶೃಂಗಾರಗಳು ಪರಸ್ಪರ ವಿರೋಧಿಗಳಲ್ಲ ಎಂಬುದೂ ಆನಂದವರ್ಧನನ ಅಭಿಪ್ರಾಯ. ಚಾಂಗ್ ಚೆಯ ಚಿತ್ರಗಳಲ್ಲಿ ಭೂರಿಶ್ರವನ ಪತ್ನಿಯರ ಸ್ಥಾನದಲ್ಲಿ ನಿಂತು ದೇಹವನ್ನು ನೋಡಿ ಮರುಗುವವನು ಗೆಳೆಯ. ಅಪ್ಪಿಕೊಳ್ಳುವುದಕ್ಕೆ ಗಾಯವಾಗಬೇಕು, ಬೆತ್ತಲೆ ಎದೆಯನ್ನು ಮುಟ್ಟುವುದಕ್ಕೆ ರಕ್ತ ಹರಿಯುತ್ತಿರಬೇಕು. ಜೀವಂತ, ಆರೋಗ್ಯವಂತ ಗೆಳೆಯನನ್ನು ಆ ಮೃದುತ್ವದಿಂದ ಮುಟ್ಟಲು ಇಲ್ಲಿ ಯಾರಿಗೂ ಅನುಮತಿಯಿಲ್ಲ.

ಬ್ರಿಟಿಷ್ ವಿಮರ್ಶಕ ಸ್ಟೀವ್ ನೀಲ್ 1983ರ ಲೇಖನವೊಂದರಲ್ಲಿ, ಗಂಡಿನ ದೇಹವನ್ನು ಬಯಕೆಯ ಕಣ್ಣಿನಿಂದ ನೇರವಾಗಿ ನೋಡಲು ಮುಖ್ಯಧಾರೆಯ ಸಿನಿಮಾ ಬಿಡುವುದಿಲ್ಲ. ಹಿಂಸೆಯ ನೆವದಲ್ಲಿ ಆ ನೋಟವನ್ನು ಬೇರೆಡೆಗೆ ತಿರುಗಿಸುತ್ತದೆ ಎಂದು ವಾದಿಸಿದ್ದರು. ಹಾಲಿವುಡ್‌ನ ಚಿತ್ರಗಳನ್ನು ಮುಂದಿಟ್ಟುಕೊಂಡು ಆಡಿದ ಈ ಮಾತು ಹಾಂಗ್‌ಕಾಂಗಿಗೆ ಅರ್ಧದಷ್ಟು ಮಾತ್ರ ಹೊಂದುತ್ತದೆ. ‘ವೆಂಜನ್ಸ್’ (1970) ಚಿತ್ರದ ಆರಂಭವನ್ನು ಗಮನಿಸಬೇಕು. ಟಿ ಲುಂಗ್ ಅಭಿನಯಿಸಿದ ಪಾತ್ರ ಒಬ್ಬ ರಂಗನಟ. ವೇದಿಕೆಯ ಮೇಲೆ ಅವನು ಕರುಳು ಹೊರಬಂದರೂ ಕಾದಾಡಿ ಮಡಿಯುವ ವೀರನ ಪಾತ್ರಧಾರಿ. ಬಳಿಕ ಚಹಾ ಮನೆಯಲ್ಲಿ ಹಂತಕರು ಅವನನ್ನು ಮುತ್ತಿ, ಕಣ್ಣುಗಳನ್ನು ಕಿತ್ತು ಕೊಲ್ಲುವಾಗ ರಂಗದ ಸಾವು ಮತ್ತು ನಿಜದ ಸಾವು ನಿಧಾನಗತಿಯಲ್ಲಿ ಹೆಣೆದುಕೊಳ್ಳುತ್ತವೆ. ಇಲ್ಲಿ ಹಿಂಸೆ ನೋಟವನ್ನು ತಿರುಗಿಸುವ ನೆವವಾಗಿ ಉಳಿಯದೆ, ನೋಟವನ್ನು ಸುಂದರ ದೇಹದ ಮೇಲೆ ಇನ್ನಷ್ಟು ಹೊತ್ತು ನಿಲ್ಲಿಸುವ ವಿಧಿಯಾಗಿದೆ. ತಮ್ಮನಾಗಿ ಡೇವಿಡ್ ಚಿಯಾಂಗ್ ಬಂದು ಸೇಡು ತೀರಿಸಿಕೊಳ್ಳುವಾಗಲೂ ಅಣ್ಣನ ಮರಣದ ಚಿತ್ರ ಮರುಕಳಿಸುತ್ತದೆ. ‘ಬಾಕ್ಸರ್ ಫ್ರಮ್ ಶಾಂಟುಂಗ್’ (1972) ಚಿತ್ರದ ನಾಯಕ ಹೊಟ್ಟೆಯಲ್ಲಿ ಕೊಡಲಿ ನೆಟ್ಟಿದ್ದರೂ ದೀರ್ಘಕಾಲ ಹೋರಾಡುವುದು ಇದೇ ವಿಧಿಯ ಅತಿರೇಕ.

ಈ ಧ್ವನಿಯನ್ನು ಗುರುತಿಸಿದ ಮಾತ್ರಕ್ಕೆ ಈ ಚಿತ್ರಗಳನ್ನು ವಿಮೋಚನೆಯ ಪಠ್ಯಗಳೆಂದು ಹೊಗಳುವುದೂ ಅಪಾಯಕಾರಿ. ಕ್ವಿಂಗ್ ಆಡಳಿತದ ಅಧಿಕಾರಿ ಮಾ ಕ್ಸಿನ್‌ಯಿಯ ಹತ್ಯೆ (1870) ಆಧರಿಸಿದ ‘ಬ್ಲಡ್ ಬ್ರದರ್ಸ್’ (1973) ಇದಕ್ಕೆ ನಿದರ್ಶನ. ಪ್ರಮಾಣಬದ್ಧ ಸೋದರರು ಮೂವರು. ಒಬ್ಬನ ಹೆಂಡತಿ ಮಿ ಲಾನ್. ಹಿರಿಯ ಸೋದರ ಅವಳನ್ನು ಬಯಸಿ ಅವಳ ಗಂಡನನ್ನು ಕೊಲ್ಲಿಸುತ್ತಾನೆ. ಮೂರನೆಯವನು ಹಿರಿಯನನ್ನು ಇರಿದು ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆ ಬರೆದುಕೊಡುತ್ತಾನೆ. ಈವ್ ಸೆಡ್ಜ್‌ವಿಕ್ 1985ರಲ್ಲಿ ವಿವರಿಸಿದ, ಹೆಣ್ಣನ್ನು ನಡುವಿಟ್ಟುಕೊಂಡು ಗಂಡಸರ ನಡುವೆಯೇ ಹರಿಯುವ ತ್ರಿಕೋನ ಬಯಕೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಚಿತ್ರದ ಸಂಕಟವೆಲ್ಲ ಮೆಚ್ಚಿದವನನ್ನೇ ಇರಿಯಬೇಕಾದ ತರುಣನ ಮುಖದಲ್ಲಿದೆ. ಮಿ ಲಾನ್‌ಗೆ ತನ್ನದೇ ಆದ ಅತೃಪ್ತಿ, ಆಸೆಗಳಿದ್ದರೂ ಕಥೆ ಅವಳನ್ನು ಸೋದರತ್ವ ಒಡೆದ ಕಾರಣವೆಂದೇ ಲೆಕ್ಕ ಹಾಕುತ್ತದೆ. ಚೀನೀ ಪುರುಷತ್ವದ ‘ವು’ ಆದರ್ಶದಲ್ಲಿ, ಅಂದರೆ ಯೋಧನ ಆದರ್ಶದಲ್ಲಿ, ಹೆಣ್ಣಿನಿಂದ ದೂರವಿರುವ ಸಂಯಮವೇ ವೀರನ ಲಕ್ಷಣವೆಂದು ಕ್ಯಾಮ್ ಲೂಯಿ ತಮ್ಮ 2002ರ ಗ್ರಂಥದಲ್ಲಿ ತೋರಿಸಿದ್ದಾರೆ. ಗಂಡಸರ ನಡುವಿನ ಮೃದುತ್ವಕ್ಕೆ ಈ ಚಿತ್ರಗಳಲ್ಲಿ ಬೆಲೆ ತೆತ್ತವರು ಅನೇಕ ಸಲ ಹೆಂಗಸರು. ಧ್ವನಿಯನ್ನು ಮೆಚ್ಚುವ ವಿಮರ್ಶೆ ಈ ಲೆಕ್ಕವನ್ನು ಮುಚ್ಚಿಡಬಾರದು.

ಅಲ್ಪವೆಚ್ಚ ಎಂಬ ಸಂಗತಿಯನ್ನು ವಿಮರ್ಶಕರು ಸಾಮಾನ್ಯವಾಗಿ ಕ್ಷಮೆ ಕೋರುವ ಧಾಟಿಯಲ್ಲಿ ಮಾತ್ರ ಎತ್ತುತ್ತಾರೆ. ವಾಸ್ತವದಲ್ಲಿ ಅದು ಅರ್ಥವನ್ನು ನಿರ್ಮಿಸುವ ಅಂಶ. ಶಾ ಸಂಸ್ಥೆಯ ಕ್ಲಿಯರ್ ವಾಟರ್ ಬೇ ಸ್ಟುಡಿಯೋದಲ್ಲಿ ಒಂದೇ ಬೀದಿ, ಒಂದೇ ಅಂಗಳ, ಒಂದೇ ಸೇತುವೆ ಹತ್ತಾರು ಚಿತ್ರಗಳಿಗೆ ಒದಗುತ್ತಿದ್ದವು. ನಟರು ಕರಾರಿನ ಸಂಬಳದವರು. ಚಾಂಗ್ ವರ್ಷಕ್ಕೆ ನಾಲ್ಕೈದು ಚಿತ್ರಗಳನ್ನು ಮುಗಿಸಿದ ವರ್ಷಗಳಿವೆ. 1978ರ ‘ಫೈವ್ ಡೆಡ್ಲಿ ವೆನಮ್ಸ್’ ಚಿತ್ರಕ್ಕೆ ಬರುವ ಹೊತ್ತಿಗೆ ದೊಡ್ಡ ತಾರೆಯರೂ ಇರಲಿಲ್ಲ. ಅಲ್ಲಿ ಉಳಿದದ್ದು ಪಳಗಿದ ಗಂಡು ದೇಹಗಳಷ್ಟೇ. ಒಬ್ಬ ಗುರುವಿನ ಐವರು ಶಿಷ್ಯರು ಮುಖವಾಡ ತೊಟ್ಟು ಕಲಿತವರು, ಹಾಗಾಗಿ ಎಲ್ಲರಿಗೂ ಎಲ್ಲರ ಗುರುತಿಲ್ಲ. ಒಂದೇ ಪಟ್ಟಣದಲ್ಲಿ ಬೇರೆ ಹೆಸರುಗಳಲ್ಲಿ ಬದುಕುತ್ತಾ, ಚಲನೆಯ ಶೈಲಿಯಿಂದ ಒಬ್ಬರನ್ನೊಬ್ಬರು ಪತ್ತೆಹಚ್ಚಬೇಕು. ಹೆಣ್ಣಿನ ಪಾತ್ರವೇ ಇಲ್ಲವೆನ್ನುವಷ್ಟು ವಿರಳವಾದ ಈ ಪತ್ತೇದಾರಿ ಕಥೆ, ಗುರುತು ಬಿಟ್ಟುಕೊಡದೆ ತಮ್ಮವರನ್ನು ಹುಡುಕುವ ಗಂಡಸರ ರೂಪಕವಾಗಿ ಓದಿಸಿಕೊಳ್ಳುವುದು ಆಕಸ್ಮಿಕವಲ್ಲ. ಅದೇ ವರ್ಷದ ‘ಕ್ರಿಪಲ್ಡ್ ಅವೆಂಜರ್ಸ್’ ಚಿತ್ರದಲ್ಲಿ ಕುರುಡ, ಕಿವುಡ-ಮೂಗ, ಕಾಲಿಲ್ಲದವ, ಬುದ್ಧಿ ಕಳೆದುಕೊಂಡವ ಹೀಗೆ ನಾಲ್ವರು ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾ ಒಟ್ಟಾಗಿ ಬದುಕಿ ಅಭ್ಯಾಸ ಮಾಡುತ್ತಾರೆ. ಹೆಣ್ಣಿಲ್ಲದ ಈ ಕುಟುಂಬದ ಕೋಮಲತೆ ಚಾಂಗ್‌ನ ತಾರಾಮೌಲ್ಯದ ಚಿತ್ರಗಳಲ್ಲೂ ಅಪರೂಪ.

ಡಬ್ಬಿಂಗ್ ಇದಕ್ಕೆ ಇನ್ನೊಂದು ಪದರ ಸೇರಿಸಿತು. ಚೀನೀ ಭಾಷೆಯಲ್ಲಿ ಹಿರಿಯ ಸಹಶಿಷ್ಯನಿಗೆ, ಕಿರಿಯ ಸಹಶಿಷ್ಯನಿಗೆ, ಪ್ರಮಾಣಬದ್ಧ ಅಣ್ಣನಿಗೆ ಬೇರೆ ಬೇರೆ ಸಂಬೋಧನೆಗಳಿವೆ. ಅವು ಭಾವವನ್ನು ಶ್ರೇಣಿಯೊಳಗೆ ಹಿಡಿದಿಡುತ್ತವೆ. ಅಮೆರಿಕದ ಅಗ್ಗದ ಚಿತ್ರಮಂದಿರಗಳಿಗಾಗಿ ಅವಸರದಲ್ಲಿ ಇಂಗ್ಲಿಷಿಗೆ ಇಳಿಸಿದಾಗ ಎಲ್ಲವೂ ‘ಬ್ರದರ್’ ಎಂಬ ಒಂದೇ ಮಾತಾಯಿತು. ಶ್ರೇಣಿ ಕಳಚಿ ಬಿದ್ದು ಭಾವ ಮಾತ್ರ ಉಳಿಯಿತು. ಪಾಶ್ಚಾತ್ಯ ಪ್ರೇಕ್ಷಕ ಕೇಳಿಸಿಕೊಂಡ ಧ್ವನಿಯ ಒಂದು ಪಾಲು ಅನುವಾದದ ಬಡತನದಿಂದ ಹುಟ್ಟಿದ್ದು ಎಂಬುದನ್ನು ಒಪ್ಪಿಕೊಳ್ಳಬೇಕು.

1980ರ ದಶಕದಲ್ಲಿ ಈ ಪರಂಪರೆ ಹಾಂಗ್‌ಕಾಂಗಿನ ತಂತ್ರಜ್ಞರ ಮೂಲಕವೇ ಅಮೆರಿಕದ ಕಥೆಗಳಿಗೆ ದಾಟಿತು. ಕೋರಿ ಯುಯೆನ್ ನಿರ್ದೇಶನದ ‘ನೋ ರಿಟ್ರೀಟ್, ನೋ ಸರೆಂಡರ್’ (1986) ಇದಕ್ಕೆ ಸ್ಪಷ್ಟ ಸಾಕ್ಷಿ. ಬ್ರೂಸ್ ಲೀಯ ಪ್ರೇತ ಬಂದು ತರುಣನೊಬ್ಬನಿಗೆ ವಿದ್ಯೆ ಕಲಿಸುವ ಈ ಚಿತ್ರದಲ್ಲಿ ಹಗಲಿನ ಅಭ್ಯಾಸಕ್ಕೆ ಜೊತೆಯಾಗುವವನು ನೆರೆಯ ಗೆಳೆಯ ಆರ್.ಜೆ. ಪ್ರೇಯಸಿ ಇದ್ದಾಳೆ, ಆದರೆ ಚಿತ್ರಕ್ಕೆ ಅವಳ ನೆನಪಾಗುವುದು ಆಗೊಮ್ಮೆ ಈಗೊಮ್ಮೆ. ಇದೇ ಚಿತ್ರದಲ್ಲಿ ಖಳನಾಗಿ ಕಾಣಿಸಿಕೊಂಡ ಜಾನ್-ಕ್ಲೋಡ್ ವ್ಯಾನ್ ಡ್ಯಾಮ್ ‘ಬ್ಲಡ್‌ಸ್ಪೋರ್ಟ್’ (1988) ಮೂಲಕ ನಾಯಕನಾದ. ಅಲ್ಲಿಯೂ ಪತ್ರಕರ್ತೆಯೊಂದಿಗಿನ ಪ್ರಣಯ ಕ್ಷಣಿಕ. ಆ ಪ್ರಸಂಗದಲ್ಲೂ ಕ್ಯಾಮೆರಾಕ್ಕೆ ಆಸಕ್ತಿ ಇರುವುದು ನಾಯಕನ ದೇಹದಲ್ಲಿ. ಕಥೆಯನ್ನು ನಡೆಸುವುದು ಜ್ಯಾಕ್ಸನ್ ಎಂಬ ದೈತ್ಯಕಾಯದ ಗೆಳೆಯನ ಗಾಯ. ಜ್ಯಾಕ್ಸನ್‌ನನ್ನು ಆಸ್ಪತ್ರೆಗೆ ಕಳುಹಿಸಿದ ಚೊಂಗ್ ಲಿ ಅವನ ತಲೆಪಟ್ಟಿಯನ್ನು ವಿಜಯಚಿಹ್ನೆಯಾಗಿ ಇಟ್ಟುಕೊಳ್ಳುತ್ತಾನೆ. ನಾಯಕ ಅದನ್ನು ಮರಳಿ ಗೆಲ್ಲಬೇಕು. ಮಧ್ಯಯುಗದ ಯುರೋಪಿನ ಪ್ರಣಯಗಾಥೆಗಳಲ್ಲಿ ಯೋಧನು ಕಣಕ್ಕೆ ಒಯ್ಯುತ್ತಿದ್ದ ಪ್ರೇಯಸಿಯ ವಸ್ತ್ರದ ತುಣುಕಿನ ಸ್ಥಾನ ಇಲ್ಲಿ ಗೆಳೆಯನ ತಲೆಪಟ್ಟಿಗೆ ದೊರೆತಿದೆ. ‘ಕಿಕ್‌ಬಾಕ್ಸರ್’ (1989) ಚಿತ್ರದ ಅಭ್ಯಾಸ ದೃಶ್ಯದಲ್ಲಿ ಗುರು ಹಗ್ಗ ಕಟ್ಟಿ ಶಿಷ್ಯನ ಕಾಲುಗಳನ್ನು ಎರಡು ಬದಿಗೆ ಎಳೆಯುತ್ತಾನೆ. ನೋವು ಮತ್ತು ಶರಣಾಗತಿಯ ಈ ಚಿತ್ರವನ್ನು ನೋಡಿ ನಗುವವರ ನಗು ಪೂರ್ತಿ ಅಜ್ಞಾನದ್ದಲ್ಲ. ಅವರೂ ಧ್ವನಿಯನ್ನು ಕೇಳಿದ್ದಾರೆ. ಕೇಳಿದ್ದನ್ನು ಒಪ್ಪಿಕೊಳ್ಳಲಾಗದ ಕಡೆ ನಗು ಹುಟ್ಟುತ್ತದೆ. ಅನುಚಿತವೆನಿಸಿದ ಶೃಂಗಾರವನ್ನು ರಸಾಭಾಸವೆಂದು ಕರೆದ ಆಲಂಕಾರಿಕರೂ ಆಭಾಸದಿಂದ ಹಾಸ್ಯ ಹುಟ್ಟುವುದನ್ನು ಗಮನಿಸಿದ್ದರು. ಸಾಹಿತ್ಯದರ್ಪಣಕಾರ ವಿಶ್ವನಾಥ ಕೊಡುವ ಅನೌಚಿತ್ಯಗಳ ಪಟ್ಟಿಯಲ್ಲಿ ಗುರುಪತ್ನಿಯ ಮೇಲಿನ ರತಿ, ಏಕಪಕ್ಷೀಯ ರತಿ ಮೊದಲಾದವು ಇವೆ. ಗಂಡಸರ ಪರಸ್ಪರ ರತಿಯ ಪ್ರಸ್ತಾಪ ಅದರಲ್ಲಿಲ್ಲ ಎಂಬುದು ಸಂಶೋಧಕರು ಇನ್ನಷ್ಟು ಪರಿಶೀಲಿಸಬೇಕಾದ ಸಂಗತಿ.

ನಿರ್ದೇಶಕನ ಮಾತು ಈ ಚರ್ಚೆಯಲ್ಲಿ ಎಷ್ಟು ತೂಗುತ್ತದೆ? ಸಿನಿಮಾದ ಶತಮಾನೋತ್ಸವದ ಸಂದರ್ಭದಲ್ಲಿ ಹಾಂಗ್‌ಕಾಂಗಿನ ನಿರ್ದೇಶಕ ಸ್ಟ್ಯಾನ್ಲಿ ಕ್ವಾನ್ ಚೀನೀ ಸಿನಿಮಾದ ಲಿಂಗಭಾವವನ್ನು ಕುರಿತು ‘ಯಾಂಗ್ ± ಯಿನ್’ (1996) ಎಂಬ ಸಾಕ್ಷ್ಯಚಿತ್ರ ಮಾಡಿದ. ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ಆ ಚಿತ್ರದಲ್ಲಿ ಅವನು ಚಾಂಗ್ ಚೆಯನ್ನು ಭೇಟಿಯಾಗಿ ಈ ಗೆಳೆತನಗಳ ಬಗ್ಗೆ ವಿಚಾರಿಸುತ್ತಾನೆ. ಚಾಂಗ್ ಸಲಿಂಗ ಪ್ರೇಮದ ಓದನ್ನು ಒಪ್ಪಿಕೊಂಡವನಲ್ಲ. ಆ ನಿರಾಕರಣೆಯನ್ನು ಸುಳ್ಳೆಂದು ತಿರಸ್ಕರಿಸುವ ಅಗತ್ಯವಿಲ್ಲ, ಅದಕ್ಕೆ ಅಂತಿಮ ತೀರ್ಪಿನ ಅಧಿಕಾರವನ್ನು ಕೊಡುವ ಅಗತ್ಯವೂ ಇಲ್ಲ. ಒಂದು ಪೀಳಿಗೆ ಸೋದರತ್ವವೆಂದು ನಿರ್ಮಿಸಿದ್ದನ್ನು ಮುಂದಿನ ಪೀಳಿಗೆಯ ನಿರ್ದೇಶಕನೊಬ್ಬ ಪ್ರೇಮವೆಂದು ನೋಡಿ ಬೆಳೆದಿದ್ದ. ಎರಡೂ ಆ ಚಿತ್ರಗಳಲ್ಲೇ ಇದ್ದವು.

‘ಬ್ಲಡ್ ಬ್ರದರ್ಸ್’ ಚಿತ್ರಕ್ಕೆ ಸಹಾಯಕ ನಿರ್ದೇಶಕನಾಗಿ ದುಡಿದ ಜಾನ್ ವೂ ಖಡ್ಗದ ಜಾಗಕ್ಕೆ ಪಿಸ್ತೂಲನ್ನು ತಂದು ಗುರುವಿನ ವಿಧಿಯನ್ನು ಮುಂದುವರಿಸಿದ. ಅವನ ‘ಎ ಬೆಟರ್ ಟುಮಾರೊ’ (1986) ಚಿತ್ರದಲ್ಲಿ ಟಿ ಲುಂಗ್ ವಯಸ್ಸಾದ ಅಣ್ಣನಾಗಿ ಮರಳಿ ಬಂದ. ‘ದಿ ಕಿಲ್ಲರ್’ (1989) ಚಿತ್ರದಲ್ಲಿ ಹಂತಕ ಮತ್ತು ಅವನ ಬೆನ್ನಟ್ಟುವ ಪೊಲೀಸ್ ಅಧಿಕಾರಿ ಒಬ್ಬರಲ್ಲೊಬ್ಬರು ತಮ್ಮನ್ನೇ ಕಾಣುತ್ತಾರೆ. ಅಲ್ಲಿಯೂ ಆ ನಂಟನ್ನು ಮುಗಿಸುವುದು ಸಾವು. ಸ್ಟ್ಯಾನ್ಲಿ ಕ್ವಾನ್ ಮಾತ್ರ 2001ರಲ್ಲಿ ‘ಲಾನ್ ಯು’ ಚಿತ್ರದಲ್ಲಿ ವ್ಯಂಗ್ಯವಾಗಿದ್ದುದನ್ನು ವಾಚ್ಯಕ್ಕೆ ತಂದ. ಬೀಜಿಂಗಿನ ಉದ್ಯಮಿಯೊಬ್ಬ ಮತ್ತು ಬಡ ವಿದ್ಯಾರ್ಥಿಯೊಬ್ಬನ ಪ್ರೇಮವನ್ನು ಅದು ಯಾವ ಶಪಥದ ಮರೆಯೂ ಇಲ್ಲದೆ ಹೇಳುತ್ತದೆ. ಇಲ್ಲಿ ಇಬ್ಬರು ಗಂಡಸರು ಗಾಯಗೊಳ್ಳದೆ ಅಪ್ಪಿಕೊಳ್ಳುತ್ತಾರೆ, ಒಂದೇ ಮನೆಯಲ್ಲಿ ಉಂಡು ಮಲಗುತ್ತಾರೆ, ಜಗಳವಾಡಿ ಮತ್ತೆ ಒಂದಾಗುತ್ತಾರೆ. ಆದರೆ ಕೊನೆಯಲ್ಲಿ ಕಿರಿಯವನು ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ಅಪಘಾತಕ್ಕೀಡಾಗಿ ಸಾಯುತ್ತಾನೆ. ಶವಾಗಾರದಲ್ಲಿ ಅವನ ದೇಹವನ್ನು ಗುರುತಿಸಲು ಬಂದು ಹಿರಿಯವನು ಕುಸಿದು ಅಳುವ ದೃಶ್ಯ, ಮೂವತ್ತು ವರ್ಷಗಳ ಹಿಂದೆ ಫೆಂಗ್‌ಗಾಗಿ ಲೇ ಲಿ ಮರುಗಿದ ದೃಶ್ಯದ ಪಕ್ಕದಲ್ಲಿಟ್ಟು ನೋಡಬೇಕಾದದ್ದು.